ಬುಧವಾರದ ಕೂಟಕ್ಕೆ ಜನ ಬೇಕಾಗಿದ್ದಾರೆ

ಫೆಬ್ರವರಿ 9

ಪ್ರೀತಿಯ ತಮ್ಮನಿಗೆ,

ನಿನ್ನ ಅಕ್ಕನಿಗೆ ಈ ವಯಸ್ಸಿನಲ್ಲಿ ಹೊಸ ಕೆಲಸ ಸಿಕ್ಕಿದೆ. ನಗಬೇಡ. ಜನ ಸೇರಿಸುವ ಕೆಲಸ.

ನಮ್ಮ ಧರ್ಮಕೇಂದ್ರಕ್ಕೆ ಹೊಸ ಫಾದರ್ ಬಂದದ್ದನ್ನು ಹಿಂದೆಯೇ ಬರೆದಿದ್ದೆ. ಚಿಕ್ಕ ವಯಸ್ಸು, ಉದ್ದ ಕಾಲು, ಮೆಟ್ಟಿಲನ್ನು ಎರಡೆರಡಾಗಿ ಹತ್ತುವವರು. ಬಂದವರೇ ಚರ್ಚಿನ ಹಿಂದಿನ ಸಭಾಂಗಣದ ಧೂಳು ಹೊಡೆಸಿ ಒಂದೊಂದೇ ಕಾರ್ಯಕ್ರಮ ಶುರು ಮಾಡಿದರು. ಮಂಗಳವಾರ ಬೈಬಲ್ ಓದು, ಬುಧವಾರ ಹಿರಿಯರ ಕೂಟ, ಶುಕ್ರವಾರ ಹೊಸದಾಗಿ ಮದುವೆಯಾದವರಿಗೆ ಮಾತುಕತೆ. ಎಲ್ಲವೂ ಇದೆ, ಜನ ಮಾತ್ರ ಇಲ್ಲ. ಭಾನುವಾರದ ಪೂಜೆಗೆ ಬೆಂಚುಗಳು ತುಂಬುತ್ತವೆ. ಆದರೆ ಕೊನೆಯಲ್ಲಿ ಫಾದರ್ "ಸಮಾಧಾನದಿಂದ ಹೋಗಿರಿ" ಎನ್ನುತ್ತಾರಲ್ಲ, ಇಡೀ ಪೂಜೆಯಲ್ಲಿ ಆ ಒಂದು ಮಾತನ್ನು ನಮ್ಮ ಜನ ಚಾಚೂ ತಪ್ಪದೆ ಪಾಲಿಸುತ್ತಾರೆ.

ಹೋದ ಬುಧವಾರದ ಕೂಟಕ್ಕೆ ಫಾದರ್ ಇದ್ದರು, ನಾನಿದ್ದೆ, ಗಂಟೆಯಣ್ಣ ಇದ್ದ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಬೀಗ ಹಾಕುವುದು ಅವನ ಕೆಲಸ. ಅವನು ಬಂದದ್ದೂ ಬೀಗ ಹಾಕುವುದಕ್ಕೇ.

ಪಾಲನಾ ಸಮಿತಿಯವರು ಗೊಣಗುತ್ತಿದ್ದಾರೆ. "ಖಾಲಿ ಕೋಣೆಗೆ ದೀಪ ಯಾಕೆ ಉರಿಸ್ಬೇಕು? ಪಕ್ಕದ ಪೀಠೋಪಕರಣದ ಅಂಗಡಿಯವರು ಗೋದಾಮಿಗೆ ಕೇಳ್ತಿದ್ದಾರೆ, ಕೊಟ್ಟುಬಿಡೋಣ" ಅಂತ. ಫಾದರ್ ಬೇಡಿಕೊಂಡು ಜುಲೈ ಕೊನೆಯವರೆಗೆ ಗಡುವು ತಂದಿದ್ದಾರೆ. ಅಷ್ಟರೊಳಗೆ ಜನ ಬರಬೇಕು. ಬರುವ ಹಾಗೆ ಮಾಡಬೇಕಾದವಳು ನಾನು. ಈಗ ಹೊಲಿಗೆಯೂ ಕಡಿಮೆ, ಸಂಜೆ ಹೊತ್ತು ಬಿಡುವೂ ಇದೆ, ಹೂಂ ಅಂದುಬಿಟ್ಟೆ.

ನೀನು ರೈಲು ನಿಲ್ದಾಣದಲ್ಲಿ ಮೈಕ್ ಹಿಡಿದು ದಿನಕ್ಕೆ ಸಾವಿರಾರು ಜನರನ್ನು ಕರೆಯುವವನು. ನಾಲ್ಕು ಮುದುಕರನ್ನು ಒಂದು ಕೋಣೆಗೆ ಕರೆಯುವುದು ಹೇಗೆ ಅಂತ ನಿನ್ನಕ್ಕನಿಗೆ ಸ್ವಲ್ಪ ಹೇಳಿಕೊಡು. ಫೋನಿನಲ್ಲಿ ಬೇಡ, ಬರೆದೇ ಹೇಳು. ಇಡೀ ದಿನ ಮಾತಾಡಿ ದಣಿದವನಿಗೆ ಪತ್ರವೇ ಮೇಲು ಅಂತ ಈ ರೂಢಿ ಹಾಕಿದವನು ನೀನೇ.

ಊಟ ಸರಿಯಾಗಿ ಮಾಡು.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕಾ,

ಮೊದಲು ಒಂದು ತಪ್ಪು ತಿಳಿವಳಿಕೆ ತಿದ್ದುತ್ತೇನೆ. ನಾನು ಯಾರನ್ನೂ ಕರೆಯುವುದಿಲ್ಲ. ನಾನು ಹೇಳುವುದನ್ನು ಕೇಳುವವರೆಲ್ಲ ಆಗಲೇ ಟಿಕೆಟ್ ತೆಗೆದುಕೊಂಡು, ಪೆಟ್ಟಿಗೆ ಹೊತ್ತು, ಹೋಗಲೇಬೇಕು ಅಂತ ಬಂದು ನಿಂತವರು. ಯಾವ ರೈಲು, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಹೇಳಿದರೆ ನನ್ನ ಕೆಲಸ ಮುಗಿಯಿತು. "ಬನ್ನಿ, ಈ ರೈಲು ಬಹಳ ಸೊಗಸಾಗಿದೆ" ಅಂತ ಒಂದು ದಿನವಾದರೂ ಹೇಳಿದ್ದರೆ ನನ್ನನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು.

ಆದರೂ ಕೇಳಿದ್ದೀಯ, ಹೇಳುತ್ತೇನೆ. ಹೊತ್ತನ್ನು ಎರಡು ಸಲ ಹೇಳು. ಜಾಗವನ್ನು ಎರಡು ಸಲ ಹೇಳು. ಅಲಂಕಾರ ಬೇಡ. "ಬಂಧು ಭಗಿನಿಯರೇ" ಅಂತ ಶುರು ಮಾಡಿದರೆ ಜನರ ಕಿವಿ ಅಲ್ಲೇ ಬಾಗಿಲು ಹಾಕಿಕೊಳ್ಳುತ್ತದೆ.

ಇನ್ನೊಂದು, ಬಗಲಲ್ಲೇ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕುತ್ತೀಯಲ್ಲ? ನಿನ್ನ ಗಾಯನವೃಂದದವರೇ ಇದ್ದಾರೆ. ಇಷ್ಟು ವರ್ಷ ಮುಂದೆ ನಿಂತು ಹಾಡಿಸಿದವಳು ನೀನು. ನೀನು ಹೇಳಿದರೆ ಅವರು ಬಾರದೆ ಇರುತ್ತಾರೆಯೇ? ಸಂಜೆ ಅಭ್ಯಾಸ ಮುಗಿಸಿ ನೇರ ಸಭಾಂಗಣಕ್ಕೆ ಎಳೆದುಕೊಂಡು ಹೋಗು.

ಚರ್ಚಿನ ಒಳಗಿನ ವಿಷಯಗಳನ್ನು ಮಾತ್ರ ನನ್ನ ಹತ್ತಿರ ಕೇಳಬೇಡ. ನನ್ನವಳು ತೀರಿಹೋದ ಮೇಲೆ ನಾನು ಆ ಮೆಟ್ಟಿಲು ಹತ್ತಿಲ್ಲ, ನಿನಗೆ ಗೊತ್ತು. ಜಗಳವೇನಿಲ್ಲ. ಇಬ್ಬರು ಕೂರುತ್ತಿದ್ದ ಬೆಂಚಿನಲ್ಲಿ ಒಬ್ಬನೇ ಕೂತರೆ ಬೆಂಚು ಉದ್ದವಾಗುತ್ತದೆ, ಅಷ್ಟೆ.

ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ.

ನಿನ್ನ ತಮ್ಮ


ಮಾರ್ಚ್ 6

ತಮ್ಮಾ,

ನಿನ್ನ ಮಾತಿನಂತೆ ಹೊತ್ತನ್ನು ಎರಡು ಸಲ, ಜಾಗವನ್ನು ಎರಡು ಸಲ ಬರೆದು ಒಂದು ಪ್ರಕಟಣೆ ತಯಾರು ಮಾಡಿದೆ. ಮೇಲೆ ದೊಡ್ಡದಾಗಿ "ಎಲ್ಲರಿಗೂ ಸ್ವಾಗತ". ಬೀದಿ ತುದಿಯ ಜೆರಾಕ್ಸ್ ಅಂಗಡಿಯ ಹುಡುಗಿ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟಳು. ಬೇಕರಿಯ ಗಾಜಿಗೆ, ಕ್ಷೌರದ ಅಂಗಡಿಗೆ, ಬಸ್ ನಿಲ್ದಾಣದ ಕಂಬಕ್ಕೆ, ಔಷಧಿ ಅಂಗಡಿಯ ಕಟ್ಟೆಗೆ, ಎಲ್ಲ ಕಡೆ ನಾನೇ ಹೋಗಿ ಅಂಟಿಸಿ ಬಂದೆ. ಕನ್ನಡಕ ಮನೆಯಲ್ಲಿ ಬಿಟ್ಟು ಹೋಗಿದ್ದೆ.

ಮರುದಿನ ಬೇಕರಿಯಮ್ಮ ನನ್ನನ್ನು ಕೂಗಿ ಕರೆದಳು. "ಏನ್ರೀ ಇದು, ನಿಮ್ಮ ಚರ್ಚಿನವರು ಇಷ್ಟು ಪ್ರಾಮಾಣಿಕರು ಅಂತ ಗೊತ್ತೇ ಇರಲಿಲ್ಲ!"

ಹೋಗಿ ನೋಡಿದರೆ, ಹಿರಿಯರ ಕೂಟ ಅಂತ ಇರಬೇಕಾದಲ್ಲಿ "ಹಿರಿಯರ ಕಾಟ" ಅಂತ ಅಚ್ಚಾಗಿದೆ. ಬುಧವಾರ ಸಂಜೆ ಐದಕ್ಕೆ ಹಿರಿಯರ ಕಾಟ. ಮತ್ತೊಮ್ಮೆ ಸಂಜೆ ಐದಕ್ಕೆ. ಎಲ್ಲರಿಗೂ ಸ್ವಾಗತ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಫಾದರ್ ಹತ್ತಿರ ಹೋಗಿ ಮುಖ ಸಣ್ಣ ಮಾಡಿಕೊಂಡು ಹೇಳಿದರೆ, ಆ ಮನುಷ್ಯ ಮೇಜು ಹಿಡಿದುಕೊಂಡು ನಕ್ಕರು. "ಕಿತ್ತು ಹಾಕಬೇಡಿ ಅಮ್ಮಾ, ಹಾಗೇ ಇರಲಿ" ಅಂದರು. ಆ ಬುಧವಾರ ಎಂದೂ ಬಾರದವರೆಲ್ಲ ಬಂದರು. ಕಾಟ ಹೇಗಿರುತ್ತದೆ ನೋಡೋಣ ಅಂತ. ಬೇಕರಿಯಮ್ಮನೂ ಬಂದಳು. ಅವಳು ನಮ್ಮ ಚರ್ಚಿನವಳೇ ಅಲ್ಲ. ಚಹಾ ಸಾಲದೆ ಗಂಟೆಯಣ್ಣ ಎರಡನೆಯ ಸಲ ನೀರಿಟ್ಟ.

ಮುಂದಿನ ವಾರ ಮತ್ತೆ ಯಥಾಪ್ರಕಾರ. ನಕ್ಕು ಹೋಗಲು ಬಂದವರು ನಕ್ಕು ಹೋದರು. ಕರೆಯುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು ಅಂತ ಕಲಿತೆ. ಇದಕ್ಕೇನು ಉಪಾಯ ಹೇಳು.

ಇಲ್ಲಿ ಬಿಸಿಲು ಏರುತ್ತಿದೆ. ಹೊಲಿಗೆ ಯಂತ್ರವನ್ನು ಕಿಟಕಿಯ ಹತ್ತಿರದಿಂದ ಒಳಗೆ ಸರಿಸಿದ್ದೇನೆ.

ಅಕ್ಕ


ಮಾರ್ಚ್ 28

ಅಕ್ಕಾ,

ಹಿರಿಯರ ಕಾಟವನ್ನು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಟಿಕೆಟ್ ಕೌಂಟರಿನವರು ಕಿಟಕಿ ಮುಚ್ಚಿ ನಕ್ಕರು. ಸಾಲಿನಲ್ಲಿ ನಿಂತವರು ಬೈದರು.

ಉಳಿಸಿಕೊಳ್ಳುವ ವಿಷಯ ಕೇಳಿದೆ. ನನಗೆ ಗೊತ್ತಿಲ್ಲ, ಆದರೆ ನನ್ನ ಪರಿಚಯದವರೊಬ್ಬರಿಗೆ ಆದದ್ದನ್ನು ಬರೆಯುತ್ತೇನೆ. ಅವರು ಇಲ್ಲಿನ ಒಂದು ಚರ್ಚಿನ ಮುಂದೆ ಹೋಗುತ್ತಿದ್ದಾಗ ನಿನ್ನದೇ ಥರದ ಫಲಕ ನೋಡಿದರು. ಸಂಜೆ ಮಾತುಕತೆ, ಎಲ್ಲರಿಗೂ ಸ್ವಾಗತ. ಏನನ್ನಿಸಿತೋ, ಒಳಗೆ ಹೋಗೋಣ ಅಂತ ತಿರುಗಿದರು. ಮುಂಬಾಗಿಲಿಗೆ ಬೀಗ. ಪಕ್ಕದಲ್ಲಿ ಇನ್ನೊಂದು ಬಾಗಿಲಿದೆ, ಆದರೆ ಅದು ದಿನಾ ಬರುವವರಿಗಷ್ಟೇ ಗೊತ್ತು. ಕಟ್ಟಡವನ್ನು ಸುತ್ತು ಹಾಕಿ, ಪೈಪು ಬಕೆಟ್ಟುಗಳನ್ನು ದಾಟಿ, ಹೇಗೋ ಒಳಗೆ ಸೇರಿದರು. ಅಲ್ಲಿದ್ದವರೆಲ್ಲ ಗುಂಪಾಗಿ ನಿಂತು ಮಾತಾಡುತ್ತಿದ್ದರು. ಬೆನ್ನುಗಳು ಕಂಡವು, ಮುಖಗಳಲ್ಲ. ಒಂದು ಕುರ್ಚಿಯಲ್ಲಿ ಕೂರಲು ಹೋದಾಗ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ "ಅದು ನಮ್ಮ ಅಣ್ಣ ಕೂರೋ ಜಾಗ" ಅಂದಳಂತೆ. ನಿಂತೇ ಚಹಾ ಕುಡಿದು, ಲೋಟವನ್ನು ಎಲ್ಲಿಡಬೇಕು ಅಂತ ತಿಳಿಯದೆ ಕಿಟಕಿಯ ಮೇಲಿಟ್ಟು, ಬಂದ ದಾರಿಯಲ್ಲೇ ಹೊರಟುಬಂದರು.

ಯಾರೂ ಕೆಟ್ಟವರಲ್ಲ ಅಕ್ಕಾ. ಸ್ವಾಗತ ಅಂತ ಬರೆದವರು ಒಳಗಿದ್ದಾರೆ, ಓದಿದವರು ಹೊರಗಿದ್ದಾರೆ. ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸು. ಅಷ್ಟು ಸಾಕು ಅಂತ ಅವರ ಅಭಿಪ್ರಾಯ.

ಅಂದಹಾಗೆ, ನಿನ್ನ ಹಾಡಿನ ಸುದ್ದಿಯೇ ಇಲ್ಲವಲ್ಲ? ಹೊಸ ಹಾಡು ಯಾವುದು ಕಲಿಸುತ್ತಿದ್ದೀಯ?

ತಮ್ಮ


ಏಪ್ರಿಲ್ 11

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಫಾದರ್‌ಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ನಮ್ಮ ಸಭಾಂಗಣವನ್ನು ಹೊರಗಿನಿಂದ ಸುತ್ತು ಹಾಕಿ ಬಂದರು. ಬಂದವರೇ "ಅಮ್ಮಾ, ನಮ್ದೂ ಹಾಗೇ ಇದೆ" ಅಂದರು.

ಬಾಗಿಲಲ್ಲಿ ಮೊದಲು ಗಂಟೆಯಣ್ಣನನ್ನು ನಿಲ್ಲಿಸಿದೆವು. ಅವನ ಮನಸ್ಸು ಬೆಣ್ಣೆ, ಮುಖ ಮಾತ್ರ ಪೊಲೀಸ್ ಠಾಣೆ. ಬಂದವರನ್ನೆಲ್ಲ "ಯಾರು ಬೇಕಿತ್ತು?" ಅಂತ ಕೇಳಿದ. ಒಬ್ಬರು ಹೆದರಿ "ಯಾರೂ ಬೇಡ" ಅಂತ ಹಿಂದಕ್ಕೆ ಹೋಗಿಯೇಬಿಟ್ಟರು! ಈಗ ಬಾಗಿಲಲ್ಲಿ ನಾನೇ ನಿಲ್ಲುತ್ತೇನೆ. ಹೆಸರು ಕೇಳುವುದಿಲ್ಲ, ಯಾವ ಚರ್ಚು ಅಂತ ಕೇಳುವುದಿಲ್ಲ. "ಬನ್ನಿ, ಇಲ್ಲಿ ಕೂತ್ಕೊಳ್ಳಿ, ಚಹಾಕ್ಕೆ ಸಕ್ಕರೆ ಹಾಕ್ಬಹುದಾ?" ಅಷ್ಟೇ. ಬಂದವರಲ್ಲಿ ಕೆಲವರು ಮತ್ತೆ ಬರುತ್ತಿದ್ದಾರೆ. ಸಭಾಂಗಣ ತುಂಬಿದೆ ಅಂತ ಹೇಳಲಾರೆ, ಆದರೆ ಈಗ ಮಾತಾಡಿದರೆ ಪ್ರತಿಧ್ವನಿ ಬರುವುದಿಲ್ಲ.

ಇನ್ನು ಆ "ಪರಿಚಯದವರೊಬ್ಬರು". ಅಕ್ಕನ ಕಣ್ಣಿಗೆ ಮಣ್ಣೆರಚುತ್ತೀಯಾ? ಅವರು ಅವರು ಅಂತ ಬಹುವಚನದ ಸೆರಗು ಹೊದಿಸಿ ಎಷ್ಟು ಚೆನ್ನಾಗಿ ಬರೆದಿದ್ದೀಯ! ಲೋಟ ಕಿಟಕಿಯ ಮೇಲಿಟ್ಟದ್ದನ್ನು ಯಾವ ಗಂಡಸು ಬಂದು ಗೆಳೆಯನಿಗೆ ಹೇಳುತ್ತಾನೆ? ಯಾರಪ್ಪಾ ಅವಳು? ಟಿಕೆಟ್ ಕೌಂಟರಿನವಳೇ?

ನೋಡು, ನಿನ್ನವಳು ಹೋಗಿ ಮೂರು ವರ್ಷವಾಯಿತು. ಅವಳು ನನಗೆ ತಂಗಿಯ ಹಾಗಿದ್ದಳು. ಅದಕ್ಕೇ ಹೇಳುತ್ತಿದ್ದೇನೆ, ಅವಳೂ ಬೇಡ ಅನ್ನುತ್ತಿರಲಿಲ್ಲ. ಒಂಟಿಯಾಗಿ ಚಹಾ ಕುಡಿಯುವವರು ಇಬ್ಬರು ಸೇರಿದರೆ ಯಾರಿಗೇನು ನಷ್ಟ? ನನ್ನಿಂದ ಮುಚ್ಚಿಡಬೇಡ. ನಾನು ಆಗಲೇ ಒಂದು ಒಳ್ಳೆಯ ಬಟ್ಟೆ ಎತ್ತಿಟ್ಟಿದ್ದೇನೆ. ಅಳತೆ ಕಳಿಸಿದರೆ ರವಿಕೆ ಹೊಲಿದು ಕೊಡುತ್ತೇನೆ.

ಅಕ್ಕ


ಮೇ 19

ತಮ್ಮಾ,

ಏಪ್ರಿಲ್ ಮುಗಿಯಿತು, ಮೇ ಮುಗಿಯುತ್ತಾ ಬಂತು. ಒಂದು ಸಾಲೂ ಇಲ್ಲ. ತಮಾಷೆ ಜಾಸ್ತಿಯಾಯಿತೇ? ಆಗಿದ್ದರೆ ಅಕ್ಕ ಅಂತ ಹೊಟ್ಟೆಗೆ ಹಾಕಿಕೋ. ರವಿಕೆಯ ವಿಷಯ ಬಿಟ್ಟುಬಿಡೋಣ.

ಇಲ್ಲಿ ಪೀಠೋಪಕರಣದವರು ಅಳತೆ ಟೇಪು ಹಿಡಿದು ಬಂದಿದ್ದರು. ನಾವೆಲ್ಲ ಕೂತಿದ್ದ ಹಾಗೆಯೇ ನಮ್ಮ ಕಾಲ ಬುಡದಲ್ಲಿ ನೆಲ ಅಳೆದುಕೊಂಡು ಹೋದರು. ಬರುತ್ತಿದ್ದವರಲ್ಲಿ ಅರ್ಧ ಜನ ಆ ದಿನದಿಂದ ಬರುವುದನ್ನು ನಿಲ್ಲಿಸಿದ್ದಾರೆ. ಹೇಗೂ ಮುಚ್ಚುತ್ತಾರಂತಲ್ಲ ಅಂತ ಅವರ ಲೆಕ್ಕ. ನನಗೂ ಈಗ ಏನು ಬರೆದು ಅಂಟಿಸುವುದು ಅಂತ ತೋಚುತ್ತಿಲ್ಲ.

ಆರೋಗ್ಯವಾಗಿದ್ದೀಯ ಅಂತ ಒಂದು ಸಾಲು ಬರೆ.

ಅಕ್ಕ


ಮೇ 30

ಅಕ್ಕಾ,

ಆರೋಗ್ಯವಾಗಿದ್ದೇನೆ. ಸಿಟ್ಟಾಗಿಲ್ಲ. ನಾಚಿಕೆಯಾಗಿತ್ತು.

ಆ ಪರಿಚಯದವರು ಯಾರೂ ಅಲ್ಲ, ನಾನೇ. ಲೋಟವನ್ನು ಕಿಟಕಿಯ ಮೇಲಿಟ್ಟವನು ನಾನು. ನಿನ್ನ ಮಾರ್ಚ್ ತಿಂಗಳ ಪತ್ರ ಓದಿದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ನಡೆಯುತ್ತಿದ್ದೆ. ಮನೆಗೆ ಹೋಗಿ ಏನು ಮಾಡುವುದು ಅಂತ ಗೊತ್ತಿರಲಿಲ್ಲ. ಆ ಫಲಕ ಕಂಡಿತು. ಯಾವುದೋ ಚರ್ಚಿನ ಯಾರೋ ಅಕ್ಕ ಕನ್ನಡಕವಿಲ್ಲದೆ ಇದನ್ನು ಅಂಟಿಸಿ ಹೋಗಿರಬೇಕು, ಹೋಗಿ ಕೂತರೆ ಅವಳಿಗೊಂದು ತಲೆ ಜಾಸ್ತಿಯಾದೀತು ಅಂತ ಒಳಗೆ ಹೋದೆ. ಆಮೇಲಿನದ್ದು ನಿನಗೆ ಗೊತ್ತು. ನಾನು ಅಂತ ಬರೆದರೆ ನೀನು ಹಿಗ್ಗಿ ಹೀರೆಕಾಯಿಯಾಗಿ ನಿಮ್ಮ ಫಾದರ್‌ಗೆಲ್ಲ ಹೇಳುತ್ತೀಯ, ಮತ್ತೆ ಹೋಗಲಿಲ್ಲ ಅಂದರೆ ಅಳುತ್ತೀಯ ಅಂತ ಬೇರೆಯವರ ತಲೆಗೆ ಕಟ್ಟಿದೆ. ನೀನು ಅವರಿಗೆ ರವಿಕೆ ಹೊಲಿಯಲು ಹೊರಡುತ್ತೀಯ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಅಳತೆ ಬೇಕಿದ್ದರೆ ಕಳಿಸುತ್ತೇನೆ, ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲವಿರಲಿ.

ನನ್ನದು ಹೇಳಿಯಾಯಿತು. ಈಗ ನಿನ್ನದು. ನಿನ್ನ ಹಾಡಿನ ವಿಷಯವನ್ನು ಎರಡು ಸಲ ಎತ್ತಿದೆ. ಎರಡು ಸಲವೂ ನೀನು ಆ ಸಾಲನ್ನು, ಬೀದಿಯಲ್ಲಿ ನಿಂತ ಕೆಸರು ನೀರಿನ ಹಾಗೆ, ಸೀರೆ ಎತ್ತಿ ದಾಟಿಕೊಂಡು ಹೋದೆ. ಸಂಜೆ ಬಿಡುವಿದೆ ಅಂತ ಬರೆದಿದ್ದೀಯ. ನನಗೆ ತಿಳಿವಳಿಕೆ ಬಂದಾಗಿನಿಂದ ಸಂಜೆ ನಿನಗೆ ಬಿಡುವಿದ್ದದ್ದನ್ನು ನಾನು ನೋಡಿಲ್ಲ. ಸಂಜೆ ಅಂದರೆ ನಿನಗೆ ಅಭ್ಯಾಸ.

ಏನಾಯಿತು?

ತಮ್ಮ


ಜೂನ್ 5

ತಮ್ಮಾ,

ಓದಿ ನಕ್ಕೆ, ಆಮೇಲೆ ಅತ್ತೆ, ಆಮೇಲೆ ಆ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿದೆ.

ನಾನು ಈಗ ಗಾಯನವೃಂದದಲ್ಲಿಲ್ಲ. ಜನವರಿಯಿಂದಲೇ ಇಲ್ಲ.

ಹಾಡಿನ ಮೇಷ್ಟ್ರು ಮನೆಗೆ ಬಂದಿದ್ದರು. ಕೀಬೋರ್ಡ್ ಬಾರಿಸುವ ಆ ಹೊಸ ಮೇಷ್ಟ್ರು, ನಿನಗೆ ಬರೆದಿದ್ದೆನಲ್ಲ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಒಂದು ಗುಂಡಿ ಹಿಡಿದುಕೊಂಡು ತಿರುಗಿಸುತ್ತಲೇ ಇದ್ದರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಮೇಲಿನ ಸ್ವರಕ್ಕೆ ಹೋದಾಗ ದನಿ ನಡುಗ್ತಾ ಇದೆ. ಹುಡುಗಿಯರು ನಿಮ್ಮನ್ನ ನೋಡಿ ಹಾಡೋರು, ಅವರೂ ತಪ್ಪುತ್ತಾರೆ." ನಾನು "ಹೌದು ಮೇಷ್ಟ್ರೇ, ನನಗೂ ಕೇಳಿಸ್ತಾ ಇತ್ತು" ಅಂದೆ. ನಿಜ, ಕೇಳಿಸುತ್ತಿತ್ತು. ಆ ಮನುಷ್ಯ ಸುಳ್ಳು ಹೇಳಲಿಲ್ಲ, ಒರಟಾಗಿಯೂ ಹೇಳಲಿಲ್ಲ. ಅದಕ್ಕೇ ಬೈಯಲೂ ಆಗಲಿಲ್ಲ. ಅವರು ಹೋದ ಮೇಲೆ ನೋಡಿದರೆ ಗುಂಡಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು.

ಮುಂದಿನ ವಾರವೇ ಫಾದರ್ ನನ್ನನ್ನು ಕರೆದು ಈ ಜನ ಸೇರಿಸುವ ಕೆಲಸ ಕೊಟ್ಟರು. ಮಗು ಅಳದಿರಲಿ ಅಂತ ಕೈಗೆ ಗಿಲಕಿ ಕೊಟ್ಟ ಹಾಗೆ. ಅಷ್ಟೂ ತಿಳಿಯದವಳಲ್ಲ ನಾನು. ಆದರೂ ಗಿಲಕಿಯನ್ನು ಬಲವಾಗಿ ಅಲ್ಲಾಡಿಸಿದೆ.

ಈಗ ಭಾನುವಾರ ಜನರ ನಡುವೆ ಕೂರುತ್ತೇನೆ. ಹಾಡು ಶುರುವಾದರೆ ಬಾಯಿ ತೆರೆಯುವುದಿಲ್ಲ, ಪಕ್ಕದವರಿಗೆ ನಡುಕ ಕೇಳಿಸಬಾರದು ಅಂತ. ಹಾಡದೆ ಕೂತರೆ ಪೂಜೆ ಬಹಳ ಉದ್ದ ಕಣೋ. ನಿನ್ನ ಬೆಂಚಿನ ಹಾಗೆ.

ನಿನಗೆ ಹೇಳಲಿಲ್ಲ, ಯಾಕೆಂದರೆ ನಿನಗೆ ಗೊತ್ತಿರುವ ಅಕ್ಕ ಹಾಡುವವಳು.

ಅಕ್ಕ


ಜೂನ್ 14

ಅಕ್ಕಾ,

ಚಿಕ್ಕ ಪತ್ರ. ಇನ್ನೇನು ಪಾಳಿ ಶುರುವಾಗುತ್ತದೆ.

ಇಷ್ಟು ದಿನ ನೀನು ಮಂಗಳವಾರಕ್ಕೆ, ಬುಧವಾರಕ್ಕೆ, ಶುಕ್ರವಾರಕ್ಕೆ ಜನ ಕರೆದೆ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆ ಕೆಲಸ ನಿನಗೆ ಕೊಡದೇ ಇದ್ದಿದ್ದರೆ, ಅವುಗಳಲ್ಲಿ ಯಾವುದಕ್ಕಾದರೂ ನೀನಾಗಿ ಹೋಗುತ್ತಿದ್ದೆಯಾ?

ಹೋಗುತ್ತಿರಲಿಲ್ಲ ಅಂತಾದರೆ, ನೀನು ಓಡಿಕೊಂಡು ಹೋಗುವಂಥದ್ದು ಏನಿದ್ದರೆ ಚೆನ್ನ? ಅದನ್ನು ಬರೆದು ಅಂಟಿಸು. ಅಂಟಿಸುವ ಮೊದಲು ಕನ್ನಡಕ ಹಾಕಿಕೋ.

ನೀನು ನಡುಗಿದರೂ ಹಾಡುವವಳೇ. ನನ್ನ ಅಕ್ಕ ಬದಲಾಗಿಲ್ಲ.

ತಮ್ಮ


ಜುಲೈ 8

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಓದಿ ಒಂದು ವಾರ ನಿನ್ನನ್ನು ಬೈದುಕೊಂಡೆ. ಇನ್ನೊಂದು ವಾರ ನನ್ನನ್ನು. ಆಮೇಲೆ ಫಾದರ್ ಹತ್ತಿರ ಹೋದೆ.

"ಫಾದರ್, ಈ ಭಾನುವಾರದ ಪ್ರಕಟಣೆ ನಾನೇ ಓದ್ತೀನಿ."

"ಓದಿ ಅಮ್ಮಾ, ಅದಕ್ಕೇನು. ಬರೆದಿದ್ದೀರಾ?"

"ಇಲ್ಲ."

ಅವರು ನನ್ನ ಮುಖ ನೋಡಿ ತಲೆಯಾಡಿಸಿದರು.

ಪೂಜೆ ಮುಗಿಯುವ ಹೊತ್ತು. ಜನ ಆಗಲೇ ಚೀಲ, ಛತ್ರಿ, ಮಕ್ಕಳು ಎಲ್ಲವನ್ನೂ ಕೈಗೆ ತೆಗೆದುಕೊಂಡು ಓಟಕ್ಕೆ ಹೊರಟ ಕುದುರೆಗಳ ಹಾಗೆ ನಿಂತಿದ್ದರು. ಮೈಕಿನ ಮುಂದೆ ಹೋಗಿ ನಿಂತೆ. ಎಡಗಡೆ ಗಾಯನವೃಂದ, ಕೀಬೋರ್ಡಿನ ಹಿಂದೆ ಮೇಷ್ಟ್ರು. ನಾನು ಆ ಕಡೆ ನೋಡಲಿಲ್ಲ.

ಹೀಗೆ ಹೇಳಿದೆ: "ಬುಧವಾರ ಸಂಜೆ ಐದು ಗಂಟೆಗೆ ಹಿಂದಿನ ಸಭಾಂಗಣದಲ್ಲಿ ನಾನು ಹಾಡ್ತೀನಿ. ನನ್ನ ದನಿ ಈಗ ನಡುಗುತ್ತೆ. ವೃಂದದಲ್ಲಿ ನಿಂತು ಹಾಡೋ ಹಾಗಿಲ್ಲ, ಅದು ಸರಿಯೇ. ಮನೇಲಿ ಒಬ್ಬಳೇ ಹಾಡೋಕೆ ಮನಸ್ಸಿಲ್ಲ. ನನ್ನ ಥರ ಯಾರಾದ್ರೂ ಇದ್ರೆ ಬನ್ನಿ. ದನಿ ಒಡೆದವರು, ತಾಳ ತಪ್ಪುವವರು, ಹಾಡಬೇಡ ಅಂತ ಮನೇಲಿ ಬೈಸಿಕೊಂಡವರು, ಎಲ್ಲರೂ ಬನ್ನಿ. ಕೇಳೋಕೆ ಅಂತ ಯಾರೂ ಬರಬೇಡಿ, ಕೇಳೋ ಹಾಗಿರಲ್ಲ. ಹಾಡೋದಾದ್ರೆ ಬನ್ನಿ. ಬುಧವಾರ, ಐದು ಗಂಟೆ. ಯಾರೂ ಬರದಿದ್ರೂ ನಾನಿರ್ತೀನಿ."

ನಕ್ಕರು, ಆದರೆ ಕೆಟ್ಟ ನಗುವಲ್ಲ. ಫಾದರ್ "ಸಮಾಧಾನದಿಂದ ಹೋಗಿರಿ" ಅಂದರು. ತಮ್ಮಾ, ಒಂದು ಕ್ಷಣ ಯಾರೂ ಹೋಗಲಿಲ್ಲ.

ಬುಧವಾರ ನಾನು ಬಾಗಿಲಲ್ಲಿ ನಿಂತೆ. ಮೊದಲು ಬಂದವರು ನಿವೃತ್ತ ಬಸ್ ಕಂಡಕ್ಟರ್, ಹೆಂಡತಿಯ ಜೊತೆ. "ನಲವತ್ತು ವರ್ಷದಿಂದ ಇವರಿಗೆ ಬಚ್ಚಲಲ್ಲೂ ಹಾಡೋಕೆ ಬಿಟ್ಟಿಲ್ಲ. ಇವತ್ತು ಒಪ್ಪಿಸಿ ಹೋಗ್ತೀನಿ, ಸಾಕಾದಾಗ ಹೇಳಿ" ಅಂತ ಹೇಳಿದ ಆಕೆ ಕೊನೆಗೆ ತಾನೂ ಉಳಿದಳು. ಬೇಕರಿಯಮ್ಮ ಅಂಗಡಿ ಮುಚ್ಚಿ ಬಂದಳು, ಹಿಟ್ಟಿನ ಕೈಯಲ್ಲೇ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಪಿಸುಗುಟ್ಟುವಷ್ಟೇ ದನಿ ಉಳಿದ ಒಬ್ಬರು ಟೀಚರ್ ಬಂದರು. ಅವರು ಬಹಳ ದಿನದಿಂದ ಎಲ್ಲೂ ಕಾಣಿಸಿಕೊಂಡಿರಲಿಲ್ಲ. ಕುರ್ಚಿ ಸಾಲದೆ ಗಂಟೆಯಣ್ಣ ಚರ್ಚಿನೊಳಗಿನಿಂದ ಬೆಂಚು ಹೊತ್ತು ತಂದ. ತಂದವನು ಬೀಗದ ಕೈ ಜೇಬಿಗೆ ಹಾಕಿ ತಾನೂ ಕೂತ.

ಹಾಡು ಹೇಗಿತ್ತು ಅಂತ ಕೇಳಬೇಡ. ಕಂಡಕ್ಟರ್ ಪ್ರತಿ ಸಾಲಿನ ಕೊನೆಯಲ್ಲಿ ಬಸ್ ನಿಲ್ಲಿಸುವ ಹಾಗೆ ನಿಲ್ಲಿಸುತ್ತಾರೆ. ಬೇಕರಿಯಮ್ಮನಿಗೆ ಪದ ಗೊತ್ತಿಲ್ಲ, ರಾಗವೂ ಗೊತ್ತಿಲ್ಲ, ಉತ್ಸಾಹ ಮಾತ್ರ ನಮಗೆಲ್ಲರಿಗೂ ಹಂಚುವಷ್ಟಿದೆ. ಟೀಚರ್ ತುಟಿ ಆಡಿಸುತ್ತಿದ್ದರು, ಪಕ್ಕಕ್ಕೆ ಬಾಗಿದರೆ ಮಾತ್ರ ಕೇಳಿಸುತ್ತಿತ್ತು. ನಾನು ಬಾಗಿದೆ. ಸರಿಯಾಗಿಯೇ ಹಾಡುತ್ತಿದ್ದರು. ನಾನು ಮೇಲಿನ ಸ್ವರಕ್ಕೆ ಹೋದೆ, ನಡುಗಿತು, ಯಾರೂ ತಿರುಗಿ ನೋಡಲಿಲ್ಲ. ಆರು ತಿಂಗಳ ಮೇಲೆ ಎದೆ ತುಂಬ ಉಸಿರು ತೆಗೆದುಕೊಂಡೆ ಕಣೋ.

ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ.

ಅಕ್ಕ


ಜುಲೈ 20

ಅಕ್ಕಾ,

ನಿನ್ನ ಪತ್ರವನ್ನು ಕಚೇರಿಯಲ್ಲಿ ಯಾರಿಗೂ ಓದಿ ಹೇಳಲಿಲ್ಲ. ಇದು ನನ್ನದು.

ನಾನೂ ಒಂದು ಹೇಳುತ್ತೇನೆ. ಹೋದ ವಾರ ಮತ್ತೆ ಆ ಚರ್ಚಿನ ಕಡೆ ಹೋದೆ. ಒಳಗೆ ಹೋಗುವ ಉದ್ದೇಶವಿತ್ತೋ ಇಲ್ಲವೋ ನನಗೇ ಗೊತ್ತಿಲ್ಲ. ಮುಂಬಾಗಿಲ ಹತ್ತಿರ ಗಂಡ ಹೆಂಡತಿ ಇಬ್ಬರು ಬೀಗ ನೋಡಿ ನಿಂತಿದ್ದರು, ಇನ್ನೇನು ಹೊರಡುವವರು. ನನಗೆ ತಡೆಯಲಾಗಲಿಲ್ಲ. ವೃತ್ತಿಯ ಚಟ. "ಪ್ರವೇಶ ಎಡಗಡೆಯ ಬಾಗಿಲಿನಿಂದ, ದಯವಿಟ್ಟು ಬಕೆಟ್ ನೋಡಿಕೊಂಡು ಬನ್ನಿ" ಅಂದೆ, ಅದೇ ನಿಲ್ದಾಣದ ದನಿಯಲ್ಲಿ! ಅವರು ನನ್ನನ್ನು ಅಲ್ಲಿಯವನೇ ಅಂದುಕೊಂಡು ಥ್ಯಾಂಕ್ಸ್ ಹೇಳಿ ಹೋದರು. ಅವರ ಹಿಂದೆ ಇನ್ನೊಬ್ಬರು ಬಂದರು. ಅವರಿಗೂ ಹೇಳಿದೆ. ಹಾಗೇ ನಿಂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಬ್ಬ ಹೆಂಗಸು ಬಂದಳು. ಕುರ್ಚಿಯ ವಿಷಯ ಹೇಳಿದವಳೇ.

"ನೀವು ಹೊಸದಾಗಿ ಬಂದ ಸಮಿತಿಯವರಾ?"

"ಅಲ್ಲಮ್ಮಾ, ರೈಲ್ವೆಯವನು."

ಆಕೆ ತಬ್ಬಿಬ್ಬಾದಳು. ಆಮೇಲೆ "ಚಹಾ ಆರೋಗುತ್ತೆ, ಒಳಗೆ ಬನ್ನಿ" ಅಂದಳು. ಹೋದೆ. ಕೂತೆ. ಅವರ ಅಣ್ಣ ಆ ದಿನ ಬಂದಿರಲಿಲ್ಲ, ಬಂದಿದ್ದರೂ ನಾನು ಏಳುತ್ತಿರಲಿಲ್ಲ. ಮಾತುಕತೆ ಮಾಮೂಲಿ, ಬೇಸರವೆನ್ನುವ ಹಾಗಿತ್ತು. ಆದರೆ ಮನೆಗೆ ಬಂದು ಬೀಗ ತೆಗೆದಾಗ ಕೋಣೆ ಅಷ್ಟು ಸುಮ್ಮನಿದೆ ಅನ್ನಿಸಲಿಲ್ಲ.

ಮುಂದಿನ ವಾರ ಆ ಬಕೆಟ್ಟುಗಳನ್ನು ಎತ್ತಿಡಿಸಬೇಕು.

ಸಮಿತಿ ಏನು ಹೇಳಿತು? ಜುಲೈ ಮುಗಿಯುತ್ತಾ ಬಂತಲ್ಲ.

ತಮ್ಮ


ಆಗಸ್ಟ್ 17

ಪ್ರೀತಿಯ ತಮ್ಮನಿಗೆ,

ಇಷ್ಟು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಈ ಮಾತನ್ನು ಬರೆಯುವುದರಲ್ಲೇ ಎಷ್ಟು ಸುಖ!

ಸಮಿತಿ ಸಭೆ ಸೇರಿತು. ಕಂಡಕ್ಟರ್, ಬೇಕರಿಯಮ್ಮ, ಟೀಚರ್ ಎಲ್ಲರೂ ನನ್ನ ಜೊತೆ ಹೋಗಿ ಹಿಂದೆ ಕೂತರು. ಪೂರ್ತಿ ಗೆದ್ದೆವು ಅಂತ ಹೇಳಿದರೆ ಸುಳ್ಳಾಗುತ್ತದೆ. ಶುಕ್ರವಾರದ ಮಾತುಕತೆ ನಿಂತಿತು. ಆ ಹೊಸ ಮದುವೆಯವರು ಯಾರೂ ಕೊನೆಯವರೆಗೂ ಬರಲಿಲ್ಲ, ಮನೆಯಲ್ಲೇ ಸುಖವಾಗಿರಬೇಕು. ಸಭಾಂಗಣವನ್ನು ನಡುವೆ ಗೆರೆ ಎಳೆದು ಹಿಂದಿನ ಅರ್ಧ ಅಂಗಡಿಯವರಿಗೆ ಕೊಟ್ಟರು. ಮುಂದಿನ ಅರ್ಧ ನಮಗೆ. ಈಗ ನಾವು ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ಮುಂದೆ ಹಾಡುತ್ತೇವೆ. ಪ್ರತಿಧ್ವನಿ ಇನ್ನೂ ಕಡಿಮೆಯಾಗಿದೆ, ಇರುವುದಕ್ಕಿಂತ ಚೆನ್ನಾಗಿಯೇ ಕೇಳಿಸುತ್ತೇವೆ. ಕಂಡಕ್ಟರ್ ಒಂದು ಸಲ ಗೊತ್ತಾಗದ ಹಾಗೆ ಸೋಫಾದ ಮೇಲೆ ಕೂತು ಹಾಡಿದರು. ಪ್ಲಾಸ್ಟಿಕ್ ಅವರಿಗಿಂತ ಸರಿಯಾಗಿ ತಾಳ ಹಾಕಿತು.

ಈಗ ಪ್ರಕಟಣೆ ಅಂಟಿಸುವುದನ್ನೇ ಬಿಟ್ಟಿದ್ದೇನೆ. ಬಂದವರು ಮುಂದಿನ ವಾರ ತಮ್ಮ ಪಕ್ಕದ ಮನೆಯವರನ್ನು ಕರೆತರುತ್ತಾರೆ. ಮಂಗಳವಾರದ ಓದಿಗೂ ಕೆಲವರು ಬರುತ್ತಿದ್ದಾರೆ ಅಂತ ಫಾದರ್ ಮೊನ್ನೆ ಮೆಟ್ಟಿಲನ್ನು ಮೂರು ಮೂರಾಗಿ ಹತ್ತಿದರು.

ಮೊನ್ನೆ ಬುಧವಾರದ್ದನ್ನು ಹೇಳಿ ಮುಗಿಸುತ್ತೇನೆ. ಹಾಡು ಶುರುವಾಗಿತ್ತು. ಬಾಗಿಲು ಸ್ವಲ್ಪ ತೆರೆದುಕೊಂಡಿತು. ನೋಡಿದರೆ ಹಾಡಿನ ಮೇಷ್ಟ್ರು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಒಳಗೆ ಬರುವುದೋ ಬೇಡವೋ ಅಂತ ನಿಂತಿದ್ದರು. ನಾನು ಎದ್ದು ಹೋದೆ.

"ಅಮ್ಮಾ," ಅಂದರು. ದನಿಯೇ ಇಲ್ಲ, ಬರೀ ಗಾಳಿ. "ಶೀತ. ದನಿ ಪೂರ್ತಿ ಕೂತುಬಿಟ್ಟಿದೆ. ಭಾನುವಾರ ಹಾಡೋಕಾಗಲ್ಲ. ಮನೇಲಿ ಕೂತು ಕೂತು ಸಾಕಾಯ್ತು." ನೆಲ ನೋಡಿದರು. "ಇಲ್ಲಿ ಜಾಗ ಇದೆಯಾ?"

ಜನವರಿಯಿಂದ ಈ ಮನುಷ್ಯನಿಗೆ ಹೇಳಬೇಕು ಅಂತ ಎಷ್ಟೋ ಮಾತು ಮನಸ್ಸಿನಲ್ಲೇ ಹೊಲಿದು ಬಿಚ್ಚಿ ಹೊಲಿದು ಇಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಬನ್ನಿ, ಇಲ್ಲಿ ಕೂತ್ಕೊಳ್ಳಿ. ಚಹಾಕ್ಕೆ ಸಕ್ಕರೆ ಹಾಕ್ಬಹುದಾ?"

ನನ್ನ ಪಕ್ಕದಲ್ಲೇ ಕೂತರು. ಎರಡು ಸಾಲು ಕೇಳಿದರು. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದರು ಪಾಪ. ಕೊನೆಗೆ ತಡೆಯಲಾಗದೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಅಮ್ಮಾ, ಎಲ್ಲರೂ ತಾಳಕ್ಕಿಂತ ಮುಂದೆ ಓಡ್ತಾ ಇದ್ದಾರೆ."

"ಬುಧವಾರ ಇಲ್ಲಿ ಯಾರೂ ಯಾರನ್ನೂ ತಿದ್ದಲ್ಲ ಮೇಷ್ಟ್ರೇ," ಅಂದೆ. "ಹಾಡಿ."

ಅವರು ನನ್ನನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದರು. ಬಂದದ್ದು ಮರ ಕೊಯ್ಯುವ ಗರಗಸದ ಸದ್ದು. ಬೇಕರಿಯಮ್ಮ ತಿರುಗಿ ನೋಡಿ, ಸರಿದು, ಬೆಂಚಿನಲ್ಲಿ ಅವರಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು. ನಾವು ಹಾಡು ಮುಂದುವರಿಸಿದೆವು.

ನಿನ್ನ ಅಕ್ಕ